ಒಂದು ವಿಮಾನಕ್ಕೆ ಎಷ್ಟು ಮಂದಿ ತಂತ್ರಜ್ಞರು?

ಬಂಟ್ವಾಳ ಮೂಲದ ಮನೆತನಕ್ಕೆ ಸೇರಿದ ವಿಜಯ್ ಮಲ್ಯ ಅವರ ನೇತೃತ್ವದಲ್ಲಿ 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಶರ್ ಏರ್‌ಲೈನ್ಸ್ 2012ರ ಅಕ್ಟೋಬರ್ 1ರಂದು ಸ್ತಬ್ಧವಾಯಿತು. ಅಂದು ವಿಮಾನಗಳಿದ್ದವು, ಟಿಕೆಟ್ ಪಡೆದ ಪ್ರಯಾಣಿಕರೂ ಇದ್ದರು. ಆದರೆ ತಿಂಗಳುಗಟ್ಟಲೆ ವೇತನ ಕಾಣದ ಇಂಜಿನಿಯರುಗಳು, ವಿಮಾನ ಹಾರಾಟಕ್ಕೆ ಯೋಗ್ಯವೆಂದು ಸಹಿ ಹಾಕಲು ಸಿದ್ಧರಿರಲಿಲ್ಲ. ಸಂಸ್ಥೆ ಲಾಕೌಟ್ ಸಾರಿತು. ಅಕ್ಟೋಬರ್ 20ರಂದು ಅದರ ಪರವಾನಗಿ ಅಮಾನತುಗೊಂಡಿತು.

ನಿಗದಿತ ತಪಾಸಣೆ ಅಥವಾ ದುರಸ್ತಿಯ ಬಳಿಕ ಅಧಿಕೃತ ಇಂಜಿನಿಯರ್ ಪ್ರಮಾಣಪತ್ರಕ್ಕೆ ಸಹಿ ಹಾಕದೆ ವಿಮಾನ ಮೇಲೇರುವಂತಿಲ್ಲ. ಒಂದು ಬಗೆಯ ವಿಮಾನಕ್ಕೆ ಅರ್ಹತೆ ಪಡೆದವರು ಇನ್ನೊಂದಕ್ಕೆ ಸಹಿ ಹಾಕಲಾರರು. ಏರ್‌ಬಸ್ ಎ320, ಎ330 ಹಾಗೂ ಎಟಿಆರ್ ಮೂರನ್ನೂ ಇಟ್ಟುಕೊಂಡಿದ್ದ ಕಿಂಗ್‌ಫಿಶರ್‌ಗೆ ಇದು ಹೆಚ್ಚಿನ ಹೊರೆಯೇ ಆಗಿತ್ತು. 2006ರಲ್ಲಿ ಆರಂಭವಾದ ಇಂಡಿಗೋ 2017ರವರೆಗೂ ಎ320 ಒಂದೇ ಮಾದರಿಯನ್ನು ನಂಬಿ ನಡೆದುದರ ಹಿಂದೆ ಈ ಲೆಕ್ಕಾಚಾರವೂ ಇತ್ತೆನ್ನಬಹುದು.

ಹಾಗಾದರೆ ವಿಮಾನವೊಂದಕ್ಕೆ ಎಷ್ಟು ಮಂದಿ ಬೇಕು? ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಯಾವ ಸಂಖ್ಯೆಯನ್ನೂ ಗೊತ್ತುಪಡಿಸಿಲ್ಲ; ಒಪ್ಪಿಕೊಂಡ ಕೆಲಸಕ್ಕೆ ಸಾಲುವಷ್ಟು ದುಡಿಮೆಯ ಗಂಟೆಗಳಿವೆಯೆಂದು ನಿರ್ವಹಣಾ ಸಂಸ್ಥೆ ಯೋಜನೆಯ ಮೂಲಕ ತೋರಿಸಬೇಕೆನ್ನುತ್ತದೆ. ಲೆಕ್ಕ ಸರಳ. ಹಗಲಿರುಳೂ ಒಂದು ಸ್ಥಾನ ತೆರವಾಗದಂತೆ ನೋಡಿಕೊಳ್ಳಲು ವರ್ಷಕ್ಕೆ 8,760 ಗಂಟೆ ಬೇಕು. ದಿನಕ್ಕೆ 8 ಗಂಟೆಯಂತೆ 240 ದಿನ ದುಡಿಯುವವನು ಕೊಡುವುದು 1,920 ಗಂಟೆ. ಅಂದರೆ ಒಂದು ಸ್ಥಾನಕ್ಕೆ ಹತ್ತಿರಹತ್ತಿರ ಐದು ಮಂದಿ. ಮೂರು ವಿಮಾನಗಳಿದ್ದರೂ ಈ ಐವರು ಬೇಕು. ಹತ್ತಾದ ಮಾತ್ರಕ್ಕೆ ಅವರ ಸಂಖ್ಯೆ ಮೂರು ಪಟ್ಟಾಗಬೇಕಾಗಿಲ್ಲ. ಚಿಕ್ಕ ಸಂಸ್ಥೆಗೆ ಸರಾಸರಿ ಸದಾ ದುಬಾರಿ. ನೋಂದಾಯಿತ ಬಾಯ್ಲರ್ ಇರುವ ಗೋಡಂಬಿ ಕಾರ್ಖಾನೆಯ ಮಾಲೀಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪ್ರಮಾಣಪತ್ರವುಳ್ಳ ಅಟೆಂಡೆಂಟ್ ರಜೆ ಹಾಕಿದ ದಿನ, ಒಲೆಯ ಮುಂದೆ ಎಷ್ಟು ಮಂದಿ ಕೆಲಸಗಾರರಿದ್ದರೇನು?

ಸರಾಸರಿ ಕಣ್ಕಟ್ಟನ್ನೂ ಮಾಡಬಲ್ಲುದು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ 2019ರ ಆರಂಭದಲ್ಲಿ ಸುಮಾರು 750 ವಿಮಾನಗಳಿಗೆ ಸುಮಾರು 2,400 ಮೆಕ್ಯಾನಿಕರನ್ನು ಹೊಂದಿತ್ತು. ವಿಮಾನಕ್ಕೆ ಮೂವರಿಗಿಂತ ತುಸು ಹೆಚ್ಚು. ಎಲ್ಲವೂ ಬೋಯಿಂಗ್ 737 ಆಗಿದ್ದುದು ಒಂದು ಕಾರಣವಾದರೆ, ಭಾರೀ ತಪಾಸಣೆಯ ಕೆಲಸವನ್ನು ಹೊರಗಿನವರಿಗೆ ವಹಿಸಿದ್ದುದು ಇನ್ನೊಂದು. ಗುತ್ತಿಗೆದಾರನ ಕೆಲಸಗಾರರು ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ. ಅದೇ ಫೆಬ್ರವರಿಯಲ್ಲಿ, ವೇತನ ಒಪ್ಪಂದದ ಮಾತುಕತೆ ವರ್ಷಗಟ್ಟಲೆ ಎಳೆದಿದ್ದ ವೇಳೆ, ದುರಸ್ತಿಗೆ ನಿಂತ ವಿಮಾನಗಳ ಸಂಖ್ಯೆ ಏರಿ ಸಂಸ್ಥೆ ತುರ್ತುಸ್ಥಿತಿ ಘೋಷಿಸಿತು. ಮೇ ತಿಂಗಳಲ್ಲಿ ಒಪ್ಪಂದಕ್ಕೆ ಅಂಗೀಕಾರ ದೊರೆಯಿತು.

ಏರ್ ಇಂಡಿಯಾದ ಕತೆ ಇದಕ್ಕೆ ತದ್ವಿರುದ್ಧ. ವಿಮಾನವೊಂದಕ್ಕೆ ಇನ್ನೂರಕ್ಕೂ ಮಿಕ್ಕಿ ನೌಕರರಿದ್ದಾರೆಂಬುದು ಅದರ ಮೇಲಿದ್ದ ಹಳೆಯ ಟೀಕೆ. ಟೀಕೆಯಲ್ಲಿ ಹುರುಳಿತ್ತು, ಆದರೆ ಇಂಜಿನಿಯರಿಂಗ್ ಮತ್ತು ನೆಲದ ಸೇವೆಗಳೆಲ್ಲ ಆ ಲೆಕ್ಕದಲ್ಲೇ ಸೇರಿದ್ದವು. 2012ರಲ್ಲಿ ಈ ಎರಡನ್ನೂ ಪ್ರತ್ಯೇಕ ಅಂಗಸಂಸ್ಥೆಗಳಿಗೆ ಒಪ್ಪಿಸಿ, ಸುಮಾರು 19,000 ನೌಕರರನ್ನು ವರ್ಗಾಯಿಸಲು ಕೇಂದ್ರ ಸಂಪುಟ ಸಮ್ಮತಿಸಿತು. ವಿಮಾನ ಅದೇ, ಕೆಲಸಗಾರರೂ ಅವರೇ. ಸರಾಸರಿ ಮಾತ್ರ ಇಳಿಯುವ ಏರ್ಪಾಡು.

2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಸಮೂಹದ ಕೈಸೇರಿದಾಗ, ಇಂಜಿನಿಯರಿಂಗ್ ಸಂಸ್ಥೆ ಆ ಮಾರಾಟಕ್ಕೆ ಒಳಪಡದೆ ಸರಕಾರದಲ್ಲೇ ಉಳಿಯಿತು. ನೂರಾರು ಹೊಸ ವಿಮಾನಗಳಿಗೆ ಬೇಡಿಕೆ ಸಲ್ಲಿಸಿದ ಏರ್ ಇಂಡಿಯಾ, ಬೇರೆಯವರ ಕೈಕಾಯುವುದು ಸಾಲದೆಂದು ತನ್ನದೇ ನಿರ್ವಹಣಾ ಕೇಂದ್ರದ ಯೋಜನೆಯನ್ನು 2024ರಲ್ಲಿ ಕೈಗೆತ್ತಿಕೊಂಡಿತು. ಅದಕ್ಕೆ ಆರಿಸಿಕೊಂಡ ಜಾಗ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ. ಜೊತೆಗಾರ, ಸಿಂಗಾಪುರದ ಎಸ್‌ಐಎ ಇಂಜಿನಿಯರಿಂಗ್.