ಕಡಲಿಲ್ಲದ ಊರಿನಲ್ಲಿ ಕಡಲ್ಗಳ್ಳರ ಚರಿತ್ರೆ

ಜಹೀರಾಬಾದಿನಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರದ ದರ್ಶನಕ್ಕೆ ನೂರಾರು ಮೈಲಿ ಹೋಗಬೇಕು. ಇಲ್ಲಿ ಕಬ್ಬಿನ ಹೊಲಗಳುಂಟು, ತಾಂಡೂರಿನಲ್ಲಿ ಕಲ್ಲಿನ ಗಣಿಗಳುಂಟು, ನಾರಾಯಣಖೇಡದಲ್ಲಿ ಜೋಳದ ಬಯಲುಂಟು. ಕಡಲು ಮಾತ್ರ ಇಲ್ಲ. ಆದರೂ ಈ ಮೂರು ಊರುಗಳ ನಾವು ಮೂವರು ಕಡಲ್ಗಳ್ಳರ ಚರಿತ್ರೆಯ ಹುಚ್ಚು ಹಚ್ಚಿಕೊಂಡಿದ್ದೇವೆ. ನಾನು ಶಾಲಾ ಮಾಸ್ತರ. ತಾಂಡೂರಿನ ಗೆಳೆಯರು ಕಲ್ಲಿನ ವ್ಯಾಪಾರಿಗಳು. ನಾರಾಯಣಖೇಡದವರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಚಹಾ ಎರಡು ಸಲ ಆಗುತ್ತದೆ, ಜಗಳ ನಾಲ್ಕು ಸಲ.

"ನಮಗೂ ಕಡಲಿಗೂ ಏನು ಸಂಬಂಧ, ಸರ್?" ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಂಬಂಧ ಬಹಳ ಸಮೀಪದಲ್ಲೇ ಇದೆ. 1956ರವರೆಗೆ ಜಹೀರಾಬಾದು, ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಪ್ರವಾಸಕ್ಕೆ ಬೀದರಕ್ಕೆ ಹೋದಾಗ ನೀವೆಲ್ಲ ನೋಡಿರುವ ಮದರಸಾವನ್ನು ಕಟ್ಟಿಸಿದ ಮಹಮೂದ್ ಗವಾನನು ಇರಾನಿನ ಗೀಲಾನದವನು. ಹಡಗು ಹತ್ತಿ ದಾಭೋಳ ಬಂದರಿನಲ್ಲಿಳಿದು ಬೀದರಕ್ಕೆ ಬಂದ ಈ ವ್ಯಾಪಾರಿ ಮುಂದೆ ಬಹಮನಿ ರಾಜ್ಯದ ವಜೀರನಾದನು. ಸಂಗಮೇಶ್ವರ, ಖೇಳಣಾಗಳ ಅರಸರು ವ್ಯಾಪಾರಿಗಳ ಮತ್ತು ಮೆಕ್ಕಾ ಯಾತ್ರಿಕರ ಹಡಗುಗಳನ್ನು ದೋಚಿಸುತ್ತಾರೆಂಬ ಕಾರಣಕ್ಕೆ 1469ರಲ್ಲಿ ಕೊಂಕಣದ ಮೇಲೆ ದಂಡೆತ್ತಿ ಹೋದನು. 1472ರಲ್ಲಿ ಗೋವೆಯನ್ನು ಗೆದ್ದನು. ಮದರಸಾ ಪೂರ್ತಿಯಾದದ್ದೂ ಅದೇ ವರ್ಷ. ಆ ದಿನಗಳಲ್ಲೇ ಬೀದರವನ್ನು ಕಂಡುಹೋದ ರಷ್ಯದ ವ್ಯಾಪಾರಿ ನಿಕಿತಿನ್ ಎಂಬವನು ಕೂಡ ಕಡಲಲ್ಲಿ ದರೋಡೆಕೋರರ ಕಾಟ ಬಹಳವೆಂದು ಬರೆದಿಟ್ಟಿದ್ದಾನೆ. ಹೈದರಾಬಾದಿನ ಪ್ರಾಧ್ಯಾಪಕ ಶೇರ್ವಾನಿಯವರು ಗವಾನನ ಬಗ್ಗೆ 1942ರಲ್ಲಿ ಪ್ರಕಟಿಸಿದ ಪುಸ್ತಕವೇ ನಮ್ಮ ಮೂವರ ಸ್ನೇಹಕ್ಕೆ ಮೂಲ. ಅದರ ಒಂದೇ ಪ್ರತಿ ನಮ್ಮ ಮೂರು ಮನೆಗಳ ನಡುವೆ ಸುತ್ತುತ್ತಿದ್ದು, ಸದ್ಯಕ್ಕೆ ಅದು ಯಾರಲ್ಲಿದೆ ಎಂಬುದೂ ಒಂದು ವಾದದ ವಿಷಯವೇ.

ನಾರಾಯಣಖೇಡದವರಿಗೆ ಇಬ್ನ್ ಬತೂತನೆಂದರೆ ಪ್ರಾಣ. ಮೊರಾಕ್ಕೋ ದೇಶದ ಈ ಯಾತ್ರಿಕನು 14ನೆಯ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೆ ಬಂದಿದ್ದನು. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಮುಂದೊಮ್ಮೆ ಕೊಲ್ಲಮಿನಿಂದ ಅದೇ ಹೊನ್ನಾವರಕ್ಕೆ ಬರುತ್ತಿರುವಾಗ ಹೊನ್ನಾವರಕ್ಕೂ ಬಾರಕೂರಿಗೂ ನಡುವಿನ ದ್ವೀಪವೊಂದರ ಬಳಿ 12 ಹಡಗುಗಳು ಅವನನ್ನು ಮುತ್ತಿದವು. ಸಿಂಹಳದ ಅರಸನು ಕೊಟ್ಟ ರತ್ನಗಳು, ಬಟ್ಟೆಬರೆ ಎಲ್ಲವೂ ಹೋಗಿ ಮೈಮೇಲೆ ಷರಾಯಿಯೊಂದೇ ಉಳಿಯಿತು. ಆದರೆ ನಮ್ಮ ಗೆಳೆಯರು ಮರುಗುವುದು ರತ್ನಗಳಿಗಲ್ಲ. ಬುಖಾರಾ ನಗರದ ಪಂಡಿತರ ಗೋರಿಗಳ ಮೇಲಿನ ಬರಹಗಳನ್ನು ಇಬ್ನ್ ಬತೂತನು ನಕಲು ಮಾಡಿಕೊಂಡಿದ್ದನು. ಆ ಕಾಗದಗಳೂ ಕಡಲಿನ ಲೂಟಿಯಲ್ಲಿ ಹೋದವು. "ಮಾಸ್ತರೇ, ಕಳ್ಳನಿಗೆ ಆ ಕಾಗದದಿಂದ ಏನು ಲಾಭವಾಗಿದ್ದೀತು ಹೇಳಿರಿ!" ಎಂದು ಅವರು ಇಂದಿಗೂ ಕೇಳುತ್ತಾರೆ.

ನಮ್ಮಲ್ಲಿ ನಿಜವಾದ ಜಗಳ ಹತ್ತುವುದು ತಿಮ್ಮೋಜನ ವಿಷಯದಲ್ಲಿ. ಈತ ಹೊನ್ನಾವರದ ನೌಕಾನಾಯಕ, ವಿಜಯನಗರದ ಕಡೆಯವನು. 1498ರಲ್ಲಿ ವಾಸ್ಕೋ ಡ ಗಾಮನು ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿದ್ದಾಗ, ತಿಮ್ಮೋಜನ ದೋಣಿಗಳು ಒಂದಕ್ಕೊಂದು ಕಟ್ಟಿಕೊಂಡು, ಮೇಲೆ ಮರದ ಕೊಂಬೆಗಳನ್ನು ಹೊದ್ದುಕೊಂಡು, ತೇಲುವ ನಡುಗಡ್ಡೆಯಂತೆ ಸಮೀಪಿಸಿದವೆಂದು ಪೋರ್ಚುಗೀಸ್ ಚರಿತ್ರಕಾರರು ಹೇಳುತ್ತಾರೆ. ಅವರು ಗುಂಡು ಹಾರಿಸಿ ಓಡಿಸಿದರು. ಅವನನ್ನು ಕಡಲ್ಗಳ್ಳನೆಂದು ಕರೆದರು. ಅದೇ ತಿಮ್ಮೋಜನು 1510ರಲ್ಲಿ ಆಲ್ಬುಕರ್ಕನಿಗೆ ಗೋವೆಯ ದಾರಿ ತೋರಿದಾಗ ಮಿತ್ರನೂ ಅಧಿಕಾರಿಯೂ ಆದನು! ತಾಂಡೂರಿನವರು ಇದನ್ನು ಕ್ಷಮಿಸಲು ಸಿದ್ಧರಿಲ್ಲ. "ಮನೆಗೆ ಕರೆದ ಅತಿಥಿ 1961ರ ತನಕ ಏಳಲಿಲ್ಲ" ಎನ್ನುತ್ತಾರೆ. ನಾರಾಯಣಖೇಡದವರ ವಾದ ಬೇರೆ: ಬಿಜಾಪುರದ ಕೈಯಲ್ಲಿದ್ದ ಗೋವೆ ಕುದುರೆ ವ್ಯಾಪಾರದ ಬಾಗಿಲು, ಅದನ್ನು ಕಿತ್ತುಕೊಳ್ಳಲು ತಿಮ್ಮೋಜ ಪರರ ಬಲವನ್ನು ಬಳಸಿದ, 450 ವರ್ಷಗಳ ಮುಂದಿನದನ್ನು ಅವನು ಹೇಗೆ ಕಂಡಾನು? ತಿಮ್ಮೋಜನೇ ಬರೆದ ಒಂದು ಸಾಲು ಇದ್ದಿದ್ದರೆ ಎಂದು ನನಗನ್ನಿಸುತ್ತದೆ. ಅವನ ಬಗ್ಗೆ ನಾವು ಓದುವುದೆಲ್ಲ ಪೋರ್ಚುಗೀಸರ ಲೇಖನಿಯಿಂದ ಬಂದದ್ದು. ತಾವು ಕೊಟ್ಟ ರಹದಾರಿ ಇಲ್ಲದ ಹಡಗನ್ನೆಲ್ಲ ಹಿಡಿದು ದೋಚುತ್ತಿದ್ದವರೂ ಅವರೇ.

ರಹದಾರಿ ಎಂದಾಗ ಕ್ಯಾಪ್ಟನ್ ಕಿಡ್ಡನ ನೆನಪಾಗುತ್ತದೆ. ಕಡಲ್ಗಳ್ಳರನ್ನು ಹಿಡಿಯಲೆಂದು ಇಂಗ್ಲೆಂಡಿನ ರಾಜನಿಂದಲೇ ಸನದು ಪಡೆದು ಹೊರಟ ಈತ 1697ರಲ್ಲಿ ಕಾರವಾರಕ್ಕೆ ಬಂದಿದ್ದನು. ಮರುವರ್ಷ ವ್ಯಾಪಾರದ ಹಡಗೊಂದನ್ನು ಹಿಡಿದು ತಾನೇ ಕಡಲ್ಗಳ್ಳನೆನಿಸಿ, 1701ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದನು. ತಾನು ಹಿಡಿದ ಹಡಗುಗಳಲ್ಲಿ ಶತ್ರುಗಳಾದ ಫ್ರೆಂಚರ ರಹದಾರಿಗಳಿದ್ದವು, ಆದ್ದರಿಂದ ತಪ್ಪಿಲ್ಲ ಎಂಬುದು ಅವನ ವಾದ. ವಿಚಾರಣೆಯ ಕಾಲಕ್ಕೆ ಆ ಕಾಗದಗಳು ಸಿಗಲಿಲ್ಲ. ಇನ್ನೂರು ವರ್ಷಗಳ ನಂತರ, ಹಳೆಯ ದಫ್ತರಗಳನ್ನು ಕೆದಕುತ್ತಿದ್ದ ಅಮೆರಿಕದ ಲೇಖಕರೊಬ್ಬರಿಗೆ ಲಂಡನ್ನಿನಲ್ಲೇ ಸಿಕ್ಕವು! ಈ ಪ್ರಸಂಗವನ್ನು ಓದಿದ ದಿನ ನಮ್ಮ ಅಂಚೆಯವರು ಬಹಳ ಹೊತ್ತು ಮಾತನಾಡಲಿಲ್ಲ. ತಲುಪಬೇಕಾದ ಕಾಗದ ತಲುಪದಿದ್ದರೆ ಏನಾಗುತ್ತದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಇಂಥ ಹುಚ್ಚಿನವರು ನಾವು ಮೂವರೇ ಅಲ್ಲ. ಹಳೆಯ ಪ್ರವಾಸ ಕಥನಗಳ ಮೋಹಿತರು 1846ರಲ್ಲಿ ಲಂಡನ್ನಿನಲ್ಲಿ ಹಕ್ಲೂಯ್ಟ್ ಸೊಸೈಟಿ ಎಂಬ ಸಂಘ ಕಟ್ಟಿದರು. ಸದಸ್ಯರ ವಾರ್ಷಿಕ ಚಂದಾ ಹಣದಿಂದಲೇ ಇಬ್ನ್ ಬತೂತ, ಆಲ್ಬುಕರ್ಕ, ಬಾರ್ಬೋಸ ಮೊದಲಾದವರ ಬರಹಗಳು ಇಂಗ್ಲಿಷಿನಲ್ಲಿ ಬಂದವು. ನಮ್ಮ ಕೂಟಕ್ಕೆ ಚಂದಾ ಇಲ್ಲ. ಬಸ್ ಚಾರ್ಜು ಅವರವರದು. ಇಂಗ್ಲಿಷ್ ಪುಟಗಳನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ, ತಾಂಡೂರಿನವರು ಬಂದರುಗಳನ್ನು ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಗವಾನನು ಬರೆದ ಪತ್ರಗಳು ಪಾರಸಿ ಭಾಷೆಯಲ್ಲಿವೆ. ಚೆನ್ನಾಗಿ ಉರ್ದು ಬಲ್ಲ ಅಂಚೆಯವರು ಈಗ ಅರವತ್ತು ದಾಟಿದ ಮೇಲೆ ಪಾರಸಿ ಕಲಿಯತೊಡಗಿದ್ದಾರೆ.

ಬರುವ ತಿಂಗಳ ಸರದಿ ನನ್ನ ಮನೆಯದು. ಖೇಳಣಾ ಕೋಟೆಯ ಮುತ್ತಿಗೆಯನ್ನು ಓದುವವರಿದ್ದೇವೆ. ಒಂಬತ್ತು, ಹತ್ತನೆಯ ತರಗತಿಯವರಲ್ಲಿ ಆಸಕ್ತಿ ಇದ್ದವರು ಬರಬಹುದು. ಕೂಡುವುದಕ್ಕೆ ಜಮಖಾನೆ ಇದೆ, ತಿಮ್ಮೋಜನ ಪಕ್ಷ ಹಿಡಿಯಲು ಇನ್ನೊಬ್ಬರು ಬೇಕಾಗಿದ್ದಾರೆ.