ಕಿವಿಯ ಮೇಲ್ಭಾಗ ಚುಚ್ಚಿಸ್ಕೊಳ್ಳೋ ಮೊದಲು

ಹೋದ ವಿಡಿಯೋದಲ್ಲಿ ಕೂದಲು ಹಿಂದಕ್ಕೆ ಕಟ್ಟಿದ್ದೆ ನೋಡಿ, ನನ್ನ ಎಡಗಿವಿ ಏನಾಯ್ತು ಅಂತ ಹಲವರು ಕೇಳಿದ್ರಿ. ಮೇಲ್ತುದಿ ಒಳಗೆ ಮಡಚಿದ ಹಾಗಿದೆ, ಹೌದು. ಅದು ಹುಟ್ಟಿನಿಂದ ಬಂದಿದ್ದಲ್ಲ. ಪುಣೆಗೆ ಬಂದ ಎರಡನೇ ವರ್ಷ, ಒಂದು ಶನಿವಾರ ಸಂಜೆ, ಮಾಲ್‌ನ ಅಂಗಡಿಯೊಂದರಲ್ಲಿ ಹತ್ತೇ ನಿಮಿಷದಲ್ಲಿ ದುಡ್ಡು ಕೊಟ್ಟು ಮಾಡಿಸ್ಕೊಂಡಿದ್ದು.

ಆಸೆ ಹುಟ್ಟಿದ್ದು ಅಜ್ಜಿಯ ಬುಗುಡಿಯಿಂದ. ನಮ್ಮ ಹಾವೇರಿ ಕಡೆ ಹಳೇ ಹೆಂಗಸರ ಕಿವಿ ಮೇಲ್ಭಾಗದಲ್ಲಿ ನೋಡಿರ್ತೀರಿ. ಇಲ್ಲಿ ಮರಾಠಿಯವರೂ ಬುಗಡಿ ಅಂತಾನೇ ಅಂತಾರೆ. ಅಜ್ಜಿ ಆ ಜೋಡಿಯನ್ನ ನನಗೆ ಕೊಟ್ಟಿದ್ರು. ಹಾಕ್ಕೊಳ್ಳೋಕೆ ತೂತು ಬೇಕಲ್ಲ. ಅಂಗಡಿ ಹುಡುಗ ಗನ್ ಹಿಡಿದು 'ಟಕ್' ಅಂತ ಒತ್ತಿದ. ಆರನೇ ದಿನ ಕಿವಿ ಕೆಂಪಗೆ ಬಿಸಿಯಾಗಿ ಊದ್ಕೊಂಡಿತ್ತು, ದಿಂಬಿಗೆ ತಲೆ ಇಡೋಕಾಗ್ತಿರಲಿಲ್ಲ.

ಆಗ ನನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಕಿವಿಯ ಕೆಳಗಿನ ಮೆತ್ತನೆ ಭಾಗ, ನಾವೆಲ್ಲ ಚಿಕ್ಕವರಿದ್ದಾಗ ಓಲೆಗೆ ಚುಚ್ಚಿಸ್ಕೊಂಡಿದ್ದು, ಬರೀ ಚರ್ಮ ಮತ್ತು ಕೊಬ್ಬು. ರಕ್ತ ಚೆನ್ನಾಗಿ ಹರಿಯುತ್ತೆ, 6ರಿಂದ 8 ವಾರದಲ್ಲಿ ಮಾಯುತ್ತೆ. ಮೇಲಿನ ಗಟ್ಟಿ ಭಾಗ ಕಾರ್ಟಿಲೇಜ್, ಅಂದ್ರೆ ಮೃದ್ವಸ್ಥಿ. ಅದರೊಳಗೆ ರಕ್ತನಾಳಗಳೇ ಇಲ್ಲ. ಮೇಲೆ ಅಂಟಿಕೊಂಡಿರೋ ತೆಳ್ಳನೆ ಪೊರೆಯಿಂದಲೇ ಅದಕ್ಕೆ ಆಹಾರ. ಆ ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿದ್ರೆ ಆಹಾರ ನಿಂತು ಹೋಗುತ್ತೆ, ಅಷ್ಟು ಜಾಗ ಸಾಯುತ್ತೆ, ಕಿವಿ ಕುಗ್ಗಿ ಮಡಚ್ಕೊಳ್ಳುತ್ತೆ. ಸತ್ತಿದ್ದು ಮತ್ತೆ ಬೆಳೆಯಲ್ಲ. ಏನೂ ತೊಂದರೆ ಆಗದೇ ಇದ್ದರೂ ಇಲ್ಲಿ ಪೂರ್ತಿ ಮಾಯೋಕೆ 6 ತಿಂಗಳಿಂದ ಒಂದು ವರ್ಷ ಬೇಕು. ಹೊಕ್ಕುಳದ್ದೂ ಹೆಚ್ಚುಕಮ್ಮಿ ಅಷ್ಟೇ.

ಗನ್ನಿನ ಕಥೆ ಕೇಳಿ. ಅದು ಮೊಂಡು ತುದಿಯ ಓಲೆಯನ್ನ ಸ್ಪ್ರಿಂಗ್ ಬಲದಲ್ಲಿ ಒಳಗೆ ನುಗ್ಗಿಸುತ್ತೆ. ಮೆತ್ತನೆ ಜಾಗದಲ್ಲಿ ಹೇಗೋ ನಡೆದು ಹೋಗುತ್ತೆ, ಮೃದ್ವಸ್ಥಿ ಮಾತ್ರ ಜಜ್ಜಿ ಹೋಗುತ್ತೆ. ಜೊತೆಗೆ ಪ್ಲಾಸ್ಟಿಕ್ ಗನ್ನನ್ನ ಆಟೋಕ್ಲೇವ್‌ನ 121 ಡಿಗ್ರಿ ಬಿಸಿಯಲ್ಲಿ ಇಡೋಕಾಗಲ್ಲ, ಸ್ಪಿರಿಟ್‌ನಲ್ಲಿ ಒರೆಸಿ ಮುಂದಿನವರಿಗೆ ಹಿಡೀತಾರೆ. ಓಲೆಯ ಕಡ್ಡಿಯೂ ಗಿಡ್ಡ, ಊತ ಬಂದಾಗ ಒಳಗೇ ಒತ್ತುತ್ತೆ. ನಮ್ಮೂರ ಪತ್ತಾರರು ತೆಳ್ಳನೆ ಬಂಗಾರದ ತಂತಿ ಚೂಪು ಮಾಡಿ ಚುಚ್ತಿದ್ರಲ್ಲ, ಗಾಯದ ಲೆಕ್ಕದಲ್ಲಿ ಅದೇ ವಾಸಿ, ಆದ್ರೆ ಅವರ ಕೈ, ಇಕ್ಕಳ ಎಷ್ಟು ಸ್ವಚ್ಛ ಅನ್ನೋದು ಬೇರೆ ಪ್ರಶ್ನೆ. ಒಳ್ಳೆ ಸ್ಟುಡಿಯೋದಲ್ಲಿ ಟೊಳ್ಳು ಸೂಜಿ ಇರುತ್ತೆ, ಒಬ್ಬರಿಗೆ ಒಂದೇ, ಕಣ್ಣೆದುರಿಗೇ ಪ್ಯಾಕೆಟ್ ಒಡೀತಾರೆ. ಪುಣೆ, ಮುಂಬೈ, ಹೈದರಾಬಾದ್‌ನಲ್ಲಿ ಒಳಗೆ ಹೋಗ್ತಿದ್ದ ಹಾಗೆ ಕೇಳಿ: 'ಸುಯೀ ಸೆ ಕರೋಗೇ ಯಾ ಗನ್ ಸೆ?' ಗನ್ ಅಂದ್ರೆ ಥ್ಯಾಂಕ್ಸ್ ಹೇಳಿ ಹೊರಗೆ ಬನ್ನಿ. ಸ್ವಲ್ಪ ಮುಜುಗರ ಆಗುತ್ತೆ, ಆಗಲಿ.

ಲೋಹದ ಬಗ್ಗೆ. ಹೊಸ ಗಾಯಕ್ಕೆ ಒನ್ ಗ್ರಾಂ ಗೋಲ್ಡ್ ಹಾಕಲೇಬೇಡಿ. ಅದು ಬರೀ ಲೇಪ. ಲೇಪ ಸವೆದ ಮೇಲೆ ಒಳಗಿನ ಲೋಹ ಗಾಯಕ್ಕೆ ತಾಗುತ್ತೆ, ಅದರಲ್ಲಿ ನಿಕಲ್ ಇದ್ರೆ ಕೆಲವರಿಗೆ ಅಲರ್ಜಿ. ವಾಚಿನ ಬಕಲ್, ಜೀನ್ಸ್ ಗುಂಡಿ ತಾಗಿದ ಕಡೆ ತುರಿಕೆ ಬರೋರು ನೀವಾಗಿದ್ರೆ ಇನ್ನೂ ಹುಷಾರು. ಎಎಸ್‌ಟಿಎಂ ಎಫ್136 ದರ್ಜೆಯ ಟೈಟಾನಿಯಂ ಇದೆಯಾ ಅಂತ ಕೇಳಿ. ಬುಗುಡಿ ಒಂದು ವರ್ಷ ಡಬ್ಬಿಯಲ್ಲೇ ಇರಲಿ.

ಇನ್ನೊಂದು, ಎಡಭುಜದ ಬಿಸಿಜಿ ಚುಚ್ಚುಮದ್ದಿನ ಗುರುತು ನೋಡ್ಕೊಳ್ಳಿ. ಅದು ಉಬ್ಬಿ ಗಟ್ಟಿ ಗಂಟಿನ ಹಾಗಿದ್ರೆ ನಿಮಗೆ ಕೆಲಾಯ್ಡ್ ಆಗೋ ಚರ್ಮ ಇರಬಹುದು, ಚುಚ್ಚಿದ ಕಡೆ ಗಂಟು ಬೆಳೀತಾ ಹೋಗುತ್ತೆ. ಮೊದಲು ಚರ್ಮದ ಡಾಕ್ಟರನ್ನ ನೋಡಿ. ಸಕ್ಕರೆ ಕಾಯಿಲೆ ಇರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರೂ ಅಷ್ಟೇ. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್, ಟಿಟಿ ಇಂಜೆಕ್ಷನ್ ಆಗಿದೆಯಾ ಅನ್ನೋದನ್ನೂ ನೋಡ್ಕೊಳ್ಳಿ.

ಆಮೇಲಿನ ಆರೈಕೆ ಸುಲಭ. ಮೆಡಿಕಲ್ ಶಾಪ್‌ನಲ್ಲಿ ಎನ್‌ಎಸ್ ಅಂತ 0.9 ಪರ್ಸೆಂಟ್ ಸಲೈನ್ ಸಿಗುತ್ತೆ. ದಿನಕ್ಕೆ ಎರಡು ಸಲ ಅದರಿಂದ ತೊಳೆದು ಒಣಗಿಸಿ, ಅಷ್ಟೇ. ಕೊಬ್ಬರಿ ಎಣ್ಣೆ-ಅರಿಶಿನ, ಡೆಟಾಲ್ ಬೇಡ, ತಿರುಗಿಸೋದೂ ಬೇಡ. ಕಷ್ಟ ಇರೋದು ನಮ್ಮ ದಿನಚರಿಯಲ್ಲಿ. ದಿನವಿಡೀ ಕಾಲ್‌ಗಳು, ಕಿವಿ ಮೇಲೆ ಹೆಡ್‌ಸೆಟ್, ಹೊರಗೆ ಬಂದ್ರೆ ಹೆಲ್ಮೆಟ್. ಎರಡೂ ಅದೇ ಜಾಗವನ್ನ ಒತ್ತುತ್ತವೆ. ಒಂದು ಕಿವಿ ಮಾತ್ರ ಚುಚ್ಚಿಸಿ, ಇನ್ನೊಂದು ಕಡೆ ಮಲಗಿ. ಸೊಸೈಟಿಯ ಈಜುಕೊಳ ಕೆಲವು ತಿಂಗಳು ಮರೆತುಬಿಡಿ.

ಅಪಾಯ ಗುರುತಿಸೋದು ಹೀಗೆ. ತೂತಿನ ಸುತ್ತ ಸ್ವಲ್ಪ ಕೆಂಪು, ಬಿಳಿ ಪಕಳೆ ಸಹಜ. ಮೇಲ್ಭಾಗ ಪೂರ್ತಿ ಊದಿ, ಬಿಸಿಯಾಗಿ, ಕೆಳಗಿನ ಮೆತ್ತನೆ ಭಾಗ ಮಾತ್ರ ಮಾಮೂಲಾಗಿದ್ರೆ ಅದು ಮೃದ್ವಸ್ಥಿಯ ಸೋಂಕು. ಅವತ್ತೇ ಇಎನ್‌ಟಿ ಡಾಕ್ಟರ್ ಹತ್ರ ಹೋಗಿ. ನಾನು ಹೋಗಲಿಲ್ಲ. ಸ್ಪ್ರಿಂಟ್ ರಿಲೀಸ್ ಇತ್ತು, ಮೆಡಿಕಲ್ ಶಾಪ್‌ನವನು ಕೊಟ್ಟ ಅಮಾಕ್ಸಿಸಿಲಿನ್ ನುಂಗ್ತಾ ನಾಲ್ಕು ದಿನ ಕಳೆದೆ. ಇಲ್ಲಿ ಹೆಚ್ಚಾಗಿ ಬರೋದು ನೀರಿನಲ್ಲಿ ಇರೋ ಸ್ಯೂಡೊಮೊನಾಸ್ ಅನ್ನೋ ಬ್ಯಾಕ್ಟೀರಿಯಾ, ಅದಕ್ಕೆ ಅಮಾಕ್ಸಿಸಿಲಿನ್ ನಾಟೋದೇ ಇಲ್ಲ. ಕೊನೆಗೆ ಕಿವಿ ಕೊಯ್ದು ಕೀವು ತೆಗೆದ್ರು, ಅಷ್ಟರಲ್ಲಿ ಒಂದು ತುಂಡು ಹೋಗಿತ್ತು. ಅಂದ ಹಾಗೆ, ಓಲೆಯನ್ನ ನೀವೇ ಕಿತ್ತು ಹಾಕಬೇಡಿ. ತೂತು ಮುಚ್ಚಿ ಕೀವು ಒಳಗೇ ಉಳಿಯಬಹುದು. ತೆಗೀಬೇಕಾ ಅಂತ ಡಾಕ್ಟರೇ ನಿರ್ಧರಿಸ್ತಾರೆ.

ಫೋನಲ್ಲಿ ಅಜ್ಜಿ ಬೈದದ್ದು ಒಂದೇ ಮಾತು: 'ಊರಿಗೆ ಬಂದಾಗ ನನ್ನ ಕೇಳಬೇಕಿತ್ತಿಲ್ಲಬೇ, ಏನು ಗಡಿಬಿಡಿ ಇತ್ತು?'

ಬಲಗಿವಿ ಇನ್ನೂ ಇದೆ. ಸೂಜಿಯಲ್ಲಿ ಮಾಡೋ ಸ್ಟುಡಿಯೋ ನೋಡಿಟ್ಟಿದ್ದೀನಿ. ಚುಚ್ಚಿಸ್ಕೊಂಡ ಮೇಲೆ 12 ತಿಂಗಳು ರಕ್ತದಾನ ಮಾಡೋ ಹಾಗಿಲ್ಲ, ಮುಂದಿನ ತಿಂಗಳು ಆಫೀಸಲ್ಲಿ ಕ್ಯಾಂಪ್ ಇದೆ. ಅದು ಮುಗಿದ ಮೇಲೆ ಹೋಗ್ತೀನಿ.