ಎಂಟಿಆರ್‌ನಲ್ಲಿ ವಿಶೇಷ ದಿನದ ಊಟ

ಹುಟ್ಟುಹಬ್ಬವಿರಲಿ, ಮದುವೆಯ ವಾರ್ಷಿಕೋತ್ಸವವಿರಲಿ, ಬೆಂಗಳೂರಿನ ಎಷ್ಟೋ ಮನೆಗಳಿಗೆ ನೆನಪಾಗುವುದು ಲಾಲ್‌ಬಾಗ್ ರಸ್ತೆಯ ಎಂಟಿಆರ್.

1924ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಕಟ್ಟಿದ ಹೋಟೆಲಿದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ಇಲ್ಲಿನ ಅಡುಗೆಮನೆ ರವೆ ಕೈಗೆತ್ತಿಕೊಂಡಿತು, ರವೆ ಇಡ್ಲಿ ಹುಟ್ಟಿದ್ದೇ ಹಾಗೆ ಎನ್ನುತ್ತದೆ ಹೋಟೆಲು.

ಮಧ್ಯಾಹ್ನದ ಊಟಕ್ಕೆ ಅವಸರ ಸಲ್ಲದು. ಮೊದಲಿಗೆ ಬೆಳ್ಳಿ ಲೋಟದಲ್ಲಿ ಹಣ್ಣಿನ ರಸ. ಆಮೇಲೆ ಕೋಸಂಬರಿ, ಪಲ್ಯ, ದೋಸೆ, ಬಿಸಿಬೇಳೆ ಬಾತ್, ಅನ್ನ, ಸಾರು, ಮೊಸರು. ಮದುವೆಮನೆಯ ಪಂಕ್ತಿಯ ಹಾಗೆ ಬಡಿಸುವವರು ಸಾಲಿನುದ್ದಕ್ಕೂ ಬರುತ್ತಲೇ ಇರುತ್ತಾರೆ. ಮೆನು ಹಿಡಿದು ಆರಿಸುವ ತಲೆನೋವಿಲ್ಲ. ಮನೆಮಂದಿಯೆಲ್ಲ ಒಂದೇ ಊಟ ಉಣ್ಣುವುದೇ ಇಲ್ಲಿನ ದೊಡ್ಡ ಸುಖ.

ಭಾನುವಾರ ಹೋಗುವವರು ಬೇಗ ಹೊರಡಿ, ಸಾಲು ಉದ್ದವಿರುತ್ತದೆ. ಕೊನೆಯ ಐಸ್‌ಕ್ರೀಮಿಗೂ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳಿ.